ಕಾಳಜಿ ಕೇಂದ್ರದಲ್ಲಿ ಊಟದ ಜೊತೆ ಗುಳಿಗೆಯೂ ಸಿಗಲಿ: ಮೂರು ಜಿಲ್ಲೆಗಳ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳು

ಮಾನ್ಯರೇ,

ಮಲಪ್ರಭೆ, ಬೆಣ್ಣಿಹಳ್ಳ, ತುಪ್ಪರಿಹಳ್ಳ, ವರದಾ, ತುಂಗಭದ್ರಾ ಉಕ್ಕಿದಾಗಲೆಲ್ಲ ನಿಮ್ಮ ಆಡಳಿತ ಕಾಳಜಿ ಕೇಂದ್ರ ತೆರೆಯುತ್ತದೆ. ಸರ್ಕಾರಿ ಶಾಲೆಯಲ್ಲೋ ಕಲ್ಯಾಣ ಮಂಟಪದಲ್ಲೋ ಅನ್ನ ಸಾರು, ಚಾದರ, ಕುಡಿಯುವ ನೀರು ಸಿಗುತ್ತವೆ. ಆರೋಗ್ಯ ಇಲಾಖೆಯವರು ಬಂದು ಓಆರ್‌ಎಸ್ ಪೊಟ್ಟಣ, ಜ್ವರದ ಗುಳಿಗೆ ಕೊಟ್ಟು, ನೀರಿಗೆ ಕ್ಲೋರಿನ್ ಹಾಕಿಸುತ್ತಾರೆ. 2009ರ ಮತ್ತು 2019ರ ನೆರೆ ಕಂಡ ನಮ್ಮ ಜಿಲ್ಲೆಗಳಿಗೆ ವಾಂತಿ ಭೇದಿ ಹರಡದಂತೆ ತಡೆಯುವ ಕೆಲಸ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಬೇರೆಯದೇ ಇದೆ. ಅದೇ ಕೇಂದ್ರದ ಮೂಲೆಯಲ್ಲಿ ಕೂತ ಹಿರಿಯರೊಬ್ಬರು ದಿನವೂ ನುಂಗುತ್ತಿದ್ದ ಬಿಪಿ ಗುಳಿಗೆ ತಪ್ಪಿ ಮೂರು ದಿನವಾಗಿರುತ್ತದೆ. ಅದನ್ನು ಕೇಳಿ ತಿಳಿದುಕೊಳ್ಳುವ ಕೆಲಸ ಯಾರದು ಎಂದು ಅಲ್ಲಿ ಯಾರಿಗೂ ತಿಳಿದಿರುವುದಿಲ್ಲ.

ಈ ಭಾಗದಲ್ಲಿ ಚಿಕಿತ್ಸೆ, ಶುಶ್ರೂಷೆ ಮತ್ತು ಔಷಧ ವಿತರಣೆಯ ಕೆಲಸದಲ್ಲಿರುವ ನಾವು ಈ ಪತ್ರವನ್ನು ಮುಂದಿನ ಮಳೆಗಾಲಕ್ಕೆ ಮುಂಚೆಯೇ ಬರೆಯುತ್ತಿದ್ದೇವೆ. ನಾವು ಕೇಳುವುದು ಒಂದೇ. ಕಾಳಜಿ ಕೇಂದ್ರ ತೆರೆದು 24 ಗಂಟೆಯೊಳಗೆ, ಮೊದಲೇ ಚಿಕಿತ್ಸೆಯಲ್ಲಿ ಇರುವ ಪ್ರತಿಯೊಬ್ಬರಿಗೂ ಅವರದೇ ಔಷಧ, ಅವರದೇ ಪ್ರಮಾಣದಲ್ಲಿ ಮತ್ತೆ ಸಿಗಬೇಕು.

ಲೆಕ್ಕ ನೋಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ನೆರವಿನ ದೇಶವ್ಯಾಪಿ ಸಮೀಕ್ಷೆ 2023ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ವಯಸ್ಕರಲ್ಲಿ ನೂರಕ್ಕೆ 11.4 ಮಂದಿಗೆ ಸಕ್ಕರೆ ಕಾಯಿಲೆ, 35.5 ಮಂದಿಗೆ ರಕ್ತದೊತ್ತಡ ಇದೆ. ಹಳ್ಳಿಗಳಲ್ಲಿ ಪ್ರಮಾಣ ತುಸು ಕಡಿಮೆ. 500 ಜನರ ಕೇಂದ್ರದಲ್ಲಿ ವಯಸ್ಕರು 325 ಎಂದು ಹಿಡಿದರೆ ಸಕ್ಕರೆ ಕಾಯಿಲೆಯವರು ಮೂವತ್ತರ ಆಚೀಚೆ, ಬಿಪಿಯವರು ನೂರರ ಆಚೀಚೆ ಇರುತ್ತಾರೆ. ಎಲ್ಲರಿಗೂ ಕಾಯಿಲೆ ಪತ್ತೆಯಾಗಿರುವುದಿಲ್ಲ, ಪತ್ತೆಯಾದವರೆಲ್ಲ ಔಷಧ ತೆಗೆದುಕೊಳ್ಳುವುದೂ ಇಲ್ಲ. ಅರ್ಧದಷ್ಟು ಎಂದರೂ ಒಂದೇ ಶಾಲೆಯ ಕಟ್ಟಡದಲ್ಲಿ ದಿನವೂ ಗುಳಿಗೆ ಬೇಕಾದವರು ಅರವತ್ತು ಎಪ್ಪತ್ತು ಮಂದಿ ಆಗುತ್ತಾರೆ.

ರಾತ್ರೋರಾತ್ರಿ ಮನೆ ಬಿಡುವವರು ರೇಷನ್ ಕಾರ್ಡು, ಆಧಾರ್, ಒಂದಿಷ್ಟು ಬಂಗಾರ, ದನ ಕರು ನೋಡಿಕೊಳ್ಳುತ್ತಾರೆ. ಗುಳಿಗೆಯ ಕ್ಯಾರಿಬ್ಯಾಗು ಗೋಡೆಯ ಮಾಡದಲ್ಲೇ ಉಳಿಯುತ್ತದೆ, ಮಣ್ಣಿನ ಗೋಡೆ ಕುಸಿದರೆ ಅದರೊಂದಿಗೇ ಹೋಗುತ್ತದೆ. ಆ ಮೇಲೆ ಏನಾಗುತ್ತದೆ ಎಂಬುದು ಔಷಧದಿಂದ ಔಷಧಕ್ಕೆ ಬೇರೆ. ಬಿಪಿಯ ಅಮ್ಲೋಡಿಪಿನ್ ದೇಹದಲ್ಲಿ ಬಹಳ ಹೊತ್ತು ಉಳಿಯುವ ಗುಳಿಗೆ, ಒಂದು ದಿನ ತಪ್ಪಿದರೆ ದೊಡ್ಡ ಅಪಾಯವಿಲ್ಲ. ಅಟೆನಲಾಲ್ ಹಾಗಲ್ಲ. ಹೃದಯದ ತೊಂದರೆ ಇರುವವರು ಅದನ್ನು ಥಟ್ಟನೆ ನಿಲ್ಲಿಸಿದರೆ ಎದೆನೋವು, ಹೃದಯಾಘಾತದವರೆಗೂ ಹೋಗಬಹುದು. ಮೂರ್ಛೆರೋಗದ ಫಿನೋಬಾರ್ಬಿಟೋನ್ ಒಮ್ಮೆಲೇ ನಿಂತರೆ ಒಂದರ ಹಿಂದೆ ಒಂದು ಫಿಟ್ಸ್ ಬಂದು ನಿಲ್ಲದೆಯೂ ಹೋಗಬಹುದು. ಹುಟ್ಟಿನಿಂದಲೋ ಬಾಲ್ಯದಿಂದಲೋ ಇನ್ಸುಲಿನ್ ಮೇಲೆ ಇರುವ ಮಕ್ಕಳಿಗೆ ಒಂದೆರಡು ದಿನ ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿ ಆಮ್ಲ ಏರಿ ಜೀವಕ್ಕೇ ಕುತ್ತು. ಹಾಗಾಗಿ ‘ದೀರ್ಘಕಾಲದ ಕಾಯಿಲೆ, ನಾಲ್ಕು ದಿನ ಬಿಟ್ಟು ನೋಡಿದರಾಯಿತು’ ಎನ್ನುವುದು ಕೆಲವರ ಮಟ್ಟಿಗೆ ಪ್ರಾಣದ ವಿಷಯ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. 2005ರ ವಿಪತ್ತು ನಿರ್ವಹಣಾ ಕಾಯ್ದೆಯ 12ನೇ ಕಲಂ ಪರಿಹಾರ ಶಿಬಿರದ ಕನಿಷ್ಠ ಸೌಲಭ್ಯಗಳಲ್ಲಿ ವಸತಿ, ಊಟ, ನೀರು, ನೈರ್ಮಲ್ಯದ ಸಾಲಿನಲ್ಲೇ ವೈದ್ಯಕೀಯ ರಕ್ಷಣೆಯನ್ನೂ ಇಟ್ಟಿದೆ. 31ನೇ ಕಲಂ ಪ್ರಕಾರ ಜಿಲ್ಲಾ ಯೋಜನೆಯನ್ನು ವರ್ಷಕ್ಕೊಮ್ಮೆ ಪರಿಷ್ಕರಿಸಬೇಕು. ರಾಜ್ಯ ವಿಪತ್ತು ಸ್ಪಂದನಾ ನಿಧಿಯ ಮಾನದಂಡದಲ್ಲಿ ಶಿಬಿರದಲ್ಲಿದ್ದವರ ವೈದ್ಯಕೀಯ ಆರೈಕೆಗೂ ಖರ್ಚು ಮಾಡಲು ಅವಕಾಶವಿದೆ. ವಿಶ್ವ ಆರೋಗ್ಯ ಸಂಸ್ಥೆ ಯುದ್ಧ, ಭೂಕಂಪ, ನೆರೆಯ ಜಾಗಗಳಿಗೆಂದೇ ದೀರ್ಘಕಾಲದ ಕಾಯಿಲೆಗಳ ಔಷಧ ಪೆಟ್ಟಿಗೆಯೊಂದನ್ನು ರೂಪಿಸಿದೆ. ಅದು 10,000 ಜನರಿಗೆ ಮೂರು ತಿಂಗಳಿಗೆ ಸಾಲುವಷ್ಟು ದೊಡ್ಡದು, ಸಿರಿಯಾದಂಥ ಕಡೆ ಬಳಕೆಯಾಗಿದೆ. ನಮಗೆ ಅಷ್ಟು ದೊಡ್ಡದು ಬೇಡ. ಅದೇ ಯೋಚನೆಯ ಸಣ್ಣ ಪೆಟ್ಟಿಗೆ ಸಾಕು.

ಮೊದಲು ಹೊಳೆಯ ಸ್ವಭಾವ. ಮಲಪ್ರಭೆಗೆ ಮುನ್ಸೂಚನೆ ಇದೆ. ನವಿಲುತೀರ್ಥ ಅಣೆಕಟ್ಟೆಯಿಂದ ಎಷ್ಟು ನೀರು ಬಿಡುತ್ತಾರೆ ಎಂಬುದು ಮೊದಲೇ ಗೊತ್ತಾಗುತ್ತದೆ, ಕೊಣ್ಣೂರು, ಲಖಮಾಪುರ, ಹೊಳೆಆಲೂರು, ಮೆಣಸಗಿ ಕಡೆಯವರಿಗೆ ತಯಾರಾಗಲು ಒಂದಿಷ್ಟು ಹೊತ್ತು ಸಿಗುತ್ತದೆ. ವರದೆಗೂ ಅಷ್ಟೇ, ಮಲೆನಾಡಿನಲ್ಲಿ ಮಳೆ ಹಿಡಿದರೆ ಹಾನಗಲ್, ಹಾವೇರಿ ತಾಲ್ಲೂಕಿನವರು ಎಚ್ಚರವಾಗಬಹುದು. ಬೆಣ್ಣಿಹಳ್ಳ ಅಂಥದ್ದಲ್ಲ. ಮೇಲ್ಭಾಗದಲ್ಲಿ ಸಂಜೆ ಜೋರು ಮಳೆಯಾದರೆ ಬೆಳಗಾಗುವುದರೊಳಗೆ ನವಲಗುಂದ ಕಡೆಯ ಎರೆಭೂಮಿಯಲ್ಲೆಲ್ಲ ನೀರು ನಿಂತಿರುತ್ತದೆ, ಆ ಕೆಸರಿನಲ್ಲಿ ಆಂಬುಲೆನ್ಸ್ ಚಕ್ರ ಹೂತುಹೋಗುತ್ತದೆ. ಆದ್ದರಿಂದ ಮಲಪ್ರಭೆ, ವರದೆಯ ಹಳ್ಳಿಗಳಲ್ಲಿ ರೋಗಿಯನ್ನು ಮೊದಲು ಸಾಗಿಸುವ ಯೋಜನೆ ಬೇಕು. ಬೆಣ್ಣಿಹಳ್ಳ, ತುಪ್ಪರಿಹಳ್ಳದ ಹಳ್ಳಿಗಳಲ್ಲಿ ಔಷಧವನ್ನು ಊರಲ್ಲೇ ಮೊದಲು ಇಡುವ ಯೋಜನೆ ಬೇಕು. ಎರಡಕ್ಕೂ ಒಂದೇ ಸುತ್ತೋಲೆ ಹೊರಡಿಸಿದರೆ ಒಂದು ಕಡೆ ಕೆಲಸಕ್ಕೆ ಬರುವುದಿಲ್ಲ.

ಯಾವ ಯೋಜನೆಗಾದರೂ ಪಟ್ಟಿಯೇ ಬೇರು. ಮಾಹಿತಿ ಈಗಾಗಲೇ ಇದೆ. ಮೂವತ್ತು ದಾಟಿದವರ ಬಿಪಿ, ಸಕ್ಕರೆ ತಪಾಸಣೆಯ ವಿವರ ದೀರ್ಘಕಾಲದ ಕಾಯಿಲೆಗಳ ಸರ್ಕಾರಿ ಜಾಲತಾಣವಾದ ಎನ್‌ಸಿಡಿ ಪೋರ್ಟಲ್‌ನಲ್ಲಿದೆ, ಆಶಾ ಕಾರ್ಯಕರ್ತೆಯರ ವಹಿಯಲ್ಲಿದೆ. ನೆರೆಯ ದಿನ ಕರೆಂಟು ಹೋಗಿ, ಟವರ್ ಕೈಕೊಟ್ಟಾಗ ಪೋರ್ಟಲ್ ತೆರೆಯುವುದಿಲ್ಲ. ಹಾಗಾಗಿ ಮೇ ತಿಂಗಳಲ್ಲಿ ನದಿ ದಂಡೆಯ ಪ್ರತಿ ಹಳ್ಳಿಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿ ಪ್ಲಾಸ್ಟಿಕ್ ಹೊದಿಕೆಯಲ್ಲಿ ಮೂರು ಕಡೆ ಇಡಬೇಕು: ಆಶಾ ಕಾರ್ಯಕರ್ತೆ, ಪ್ರಾಥಮಿಕ ಆರೋಗ್ಯ ಕೇಂದ್ರ, ತಾಲ್ಲೂಕು ಆರೋಗ್ಯಾಧಿಕಾರಿ ಕಚೇರಿ. ಹೆಸರು, ವಯಸ್ಸು, ಓಣಿ, ಫೋನು, ಕಾಯಿಲೆ, ಔಷಧದ ಹೆಸರು, ಎಷ್ಟು ಎಂಜಿ, ದಿನಕ್ಕೆ ಎಷ್ಟು ಸಲ. ಇಷ್ಟೇ ಸಾಕು. ಒಂದು ದಿನವೂ ತಡೆಯಲಾಗದವರ ಹೆಸರಿನ ಮುಂದೆ ಕೆಂಪು ಗುರುತು ಹಾಕಿ. ಡಯಾಲಿಸಿಸ್‌ನಲ್ಲಿ ಇರುವವರು, ಇನ್ಸುಲಿನ್ ಮೇಲಿರುವ ಮಕ್ಕಳು, ಮೂರ್ಛೆರೋಗದವರು, ಮನೆಯಲ್ಲಿ ಆಕ್ಸಿಜನ್ ಬಳಸುವವರು, ಬಿಪಿ ಇರುವ ತುಂಬು ಗರ್ಭಿಣಿಯರು ಈ ಗುಂಪಿಗೆ ಸೇರುತ್ತಾರೆ. ಎಚ್‌ಐವಿ ಮತ್ತು ಮಾನಸಿಕ ಕಾಯಿಲೆಯವರ ಹೆಸರು ಮಾತ್ರ ಈ ಸಾಮಾನ್ಯ ಪಟ್ಟಿಯಲ್ಲಿ ಬರಲೇಬಾರದು. ಶಾಲೆಯ ಹಾಲ್‌ನಲ್ಲಿ ಊರೆಲ್ಲ ಒಟ್ಟಿಗಿರುವಾಗ ಒಂದು ಕಾಗದ ಕೈಬದಲಾದರೆ ಆ ಮನೆಯವರ ಬಾಳು ಕೆಡುತ್ತದೆ. ಎಚ್‌ಐವಿ ಔಷಧ ಕೊಡುವ ಎಆರ್‌ಟಿ ಕೇಂದ್ರ ಮತ್ತು ಜಿಲ್ಲಾ ಮಾನಸಿಕ ಆರೋಗ್ಯ ತಂಡ ತಮ್ಮವರನ್ನು ತಾವೇ ಫೋನಿನಲ್ಲಿ ಸಂಪರ್ಕಿಸಲಿ, ಮಳೆಗಾಲಕ್ಕೆ ಮೊದಲೇ ಹೆಚ್ಚುವರಿ ತಿಂಗಳ ಔಷಧ ಕೊಡಲಿ.

ಪಟ್ಟಿ ಇಲ್ಲದಿದ್ದರೆ ಏನಾಗುತ್ತದೆ ಎಂದರೆ, ರೋಗಿ ಬಂದು ‘ಬಿಳೀದು ಮುಂಜಾನಿಗೊಂದು, ಗುಲಾಬಿ ರಾತ್ರಿಗೊಂದು’ ಎನ್ನುತ್ತಾರೆ. ಬಿಳಿ ಗುಳಿಗೆಗಳಲ್ಲಿ ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಇದೆ, ಅಮ್ಲೋಡಿಪಿನ್ ಇದೆ, ಇನ್ನೂ ನೂರಾರು ಇವೆ. ಗುಳಿಗೆಯ ಖಾಲಿ ಸ್ಟ್ರಿಪ್ ತಂದರೂ ಹೆಸರಿದ್ದ ತುದಿಯನ್ನೇ ಮೊದಲು ಕತ್ತರಿಸಿ ಕೊಟ್ಟಿರುತ್ತಾರೆ. ಔಷಧ ಕೊಡುವವರಲ್ಲಿ ಒಂದು ವಿನಂತಿ: ಸ್ಟ್ರಿಪ್ ಕತ್ತರಿಸುವಾಗ ಹೆಸರು, ಎಂಜಿ, ಅವಧಿ ಅಚ್ಚಾದ ತುದಿ ಕೊನೆಯವರೆಗೂ ರೋಗಿಯ ಕೈಯಲ್ಲೇ ಉಳಿಯಲಿ. ಚೀಟಿಯ ಫೋಟೋವನ್ನು ಮನೆಯ ಮಗನ, ಮಗಳ ಫೋನಿನಲ್ಲೂ ಇಡಿಸಿ. ಜಪಾನಿನಲ್ಲಿ ರೋಗಿಗಳು ತಾವು ತೆಗೆದುಕೊಳ್ಳುವ ಔಷಧಗಳನ್ನು ಬರೆಸಿಕೊಂಡ ಸಣ್ಣ ಪುಸ್ತಕ ಇಟ್ಟುಕೊಳ್ಳುತ್ತಾರೆ. 2011ರ ಭೂಕಂಪ, ಸುನಾಮಿಯ ಹೊತ್ತಿನಲ್ಲಿ ಆ ಪುಸ್ತಕ ನೋಡಿಯೇ ವೈದ್ಯರು ಎಷ್ಟೋ ಜನರ ಚಿಕಿತ್ಸೆ ಮುಂದುವರಿಸಿದರು.

ಇನ್ನು ಪೆಟ್ಟಿಗೆ. 500 ಜನರ ಕೇಂದ್ರಕ್ಕೆ 15 ದಿನಕ್ಕೆ ನಮ್ಮ ಅಂದಾಜು ಇದು. ಬಿಪಿಗೆ ಅಮ್ಲೋಡಿಪಿನ್ 5 ಎಂಜಿ 1,000 ಗುಳಿಗೆ, ಟೆಲ್ಮಿಸಾರ್ಟನ್ 40 ಎಂಜಿ 500, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ 500 ಎಂಜಿ 1,000, ಗ್ಲಿಮೆಪಿರೈಡ್ 1 ಎಂಜಿ 300. ಅಟೆನಲಾಲ್, ಆಸ್ಪಿರಿನ್ 75 ಎಂಜಿ, ಅಟೊರ್ವಾಸ್ಟಾಟಿನ್, ಮೈಯ ನೀರಿಳಿಸುವ ಫ್ಯುರೊಸೆಮೈಡ್ 40 ಎಂಜಿ, ಥೈರಾಕ್ಸಿನ್, ಮೂರ್ಛೆರೋಗದ ಎರಡು ಮೂರು ಬಗೆಯ ಗುಳಿಗೆ, ಸಾಲ್ಬುಟಮಾಲ್ ಇನ್ಹೇಲರ್‌ಗಳನ್ನು ಆ ಹಳ್ಳಿಯ ಪಟ್ಟಿ ನೋಡಿ ಇಡಬೇಕು. ಜೊತೆಗೆ ಬಿಪಿ ಯಂತ್ರ ಎರಡು, ಗ್ಲುಕೋಮೀಟರ್ ಎರಡು, ರಕ್ತದ ಹನಿ ಹಾಕುವ ಅದೇ ಮೀಟರಿನ ಸ್ಟ್ರಿಪ್ 200. ‘ಅದೇ ಮೀಟರಿನ’ ಎಂಬುದನ್ನು ಒತ್ತಿ ಹೇಳಬೇಕಿದೆ, ಏಕೆಂದರೆ ಒಂದು ಕಂಪನಿಯ ಸ್ಟ್ರಿಪ್ ಇನ್ನೊಂದರಲ್ಲಿ ಕೂರುವುದಿಲ್ಲ, ದಾನವಾಗಿ ಬಂದ ಮೀಟರು ಸ್ಟ್ರಿಪ್ ಇಲ್ಲದೆ ಮೂಲೆಗೆ ಬೀಳುವುದು ಹೀಗೆಯೇ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಮಳೆಗಾಲದ ತೇವಕ್ಕೆ ಓದು ತಪ್ಪುತ್ತದೆ. ಪೆಟ್ಟಿಗೆಯನ್ನು ಗೋದಾಮಿನಲ್ಲಿ ಮುಚ್ಚಿಡದೆ, ಪ್ರಾಥಮಿಕ ಆರೋಗ್ಯ ಕೇಂದ್ರದ ದಿನದ ದಾಸ್ತಾನಿನೊಂದಿಗೆ ತಿರುಗಿಸುತ್ತಿದ್ದರೆ ಅವಧಿ ಮೀರಿ ಹಾಳಾಗುವ ಮಾತೇ ಇರದು.

ಇನ್ಸುಲಿನ್ ಬಗ್ಗೆ ಸ್ವಲ್ಪ ವಿವರವಾಗಿಯೇ ಹೇಳಬೇಕು, ಅತಿ ಹೆಚ್ಚು ತಪ್ಪಾಗುವುದು ಅಲ್ಲೇ. ದಿನಕ್ಕೆ 30 ಯೂನಿಟ್ ಬೇಕಾದವರಿಗೆ 15 ದಿನಕ್ಕೆ 450 ಯೂನಿಟ್. 40 ಶಕ್ತಿಯ 10 ಎಂಎಲ್ ಬಾಟಲಿಯಲ್ಲಿ ಇರುವುದು 400 ಯೂನಿಟ್. ಅಂದರೆ ಒಬ್ಬರಿಗೆ ಎರಡು ಬಾಟಲಿ, ಒಬ್ಬರ ಬಾಟಲಿ ಇನ್ನೊಬ್ಬರಿಗಿಲ್ಲ. ಈಗ ಸಿರಿಂಜು. ಒಂದು ಎಂಎಲ್‌ಗೆ 40 ಯೂನಿಟ್ ಇರುವ ಇನ್ಸುಲಿನ್‌ಗೆ ಕೆಂಪು ಮುಚ್ಚಳದ ಸಿರಿಂಜು, 100 ಯೂನಿಟ್ ಇರುವುದಕ್ಕೆ ಕಿತ್ತಳೆ ಮುಚ್ಚಳದ್ದು. ದಾನದಲ್ಲಿ ಬಂದ 100 ಶಕ್ತಿಯ ಬಾಟಲಿಯಿಂದ ಕೆಂಪು ಮುಚ್ಚಳದ ಸಿರಿಂಜಿನಲ್ಲಿ ‘20’ ಗೆರೆಯವರೆಗೆ ಎಳೆದರೆ ದೇಹಕ್ಕೆ ಹೋಗುವುದು 50 ಯೂನಿಟ್. ರಾತ್ರಿ ಮಲಗಿದವರು ಬೆಳಿಗ್ಗೆ ಏಳದೆ ಇರಬಹುದು. ತಿರುವುಮುರುವಾದರೆ, ಅಂದರೆ 40ರ ಇನ್ಸುಲಿನ್ ಕಿತ್ತಳೆ ಸಿರಿಂಜಿನಲ್ಲಿ ಹೋದರೆ, 20 ಬೇಕಾದವರಿಗೆ 8 ಮಾತ್ರ ಸಿಗುತ್ತದೆ. ಹಾಗಾಗಿ ಒಂದು ಕೇಂದ್ರದಲ್ಲಿ ಬಾಟಲಿಯ ಇನ್ಸುಲಿನ್ ಒಂದೇ ಶಕ್ತಿಯದು ಇರಲಿ ಎಂದು ಲಿಖಿತ ಆದೇಶ ಮಾಡಿ.

ತಂಪಿನ ವಿಷಯದಲ್ಲಿ ಭಯ ಜಾಸ್ತಿ, ತಿಳಿವಳಿಕೆ ಕಡಿಮೆ. ತೆರೆಯದ ಬಾಟಲಿ 2ರಿಂದ 8 ಡಿಗ್ರಿಯಲ್ಲಿ ಇರಬೇಕು ನಿಜ. ಬಳಕೆಯಲ್ಲಿರುವುದನ್ನು ಸಾಮಾನ್ಯ ಕೋಣೆಯ ತಾಪದಲ್ಲಿ ನಾಲ್ಕು ವಾರ ಇಡಬಹುದು. ಕೆನ್ಯಾದ ನಿರಾಶ್ರಿತರ ಶಿಬಿರದ ತಾಪಮಾನವನ್ನು ಆಧರಿಸಿ ಜಿನೀವಾ ವಿಶ್ವವಿದ್ಯಾಲಯ ಮತ್ತು ಗಡಿಯಿಲ್ಲದ ವೈದ್ಯರ ಸಂಸ್ಥೆ ಒಟ್ಟಾಗಿ ಪರೀಕ್ಷಿಸಿ 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 25ರಿಂದ 37 ಡಿಗ್ರಿ ನಡುವೆ ಏರಿಳಿದರೂ ನಾಲ್ಕು ವಾರ ಇನ್ಸುಲಿನ್ ಶಕ್ತಿ ಉಳಿಸಿಕೊಂಡಿತ್ತು. ಇನ್ಸುಲಿನ್ ಅನ್ನು ಫ್ರಿಜ್ ಇಲ್ಲದೆ ಇಡುವುದಕ್ಕಿಂತ, ಫ್ರಿಜ್ ಇಲ್ಲ ಎಂದು ಅದನ್ನು ನಿಲ್ಲಿಸುವುದು ದೊಡ್ಡ ತಪ್ಪು. ನಮ್ಮಲ್ಲಿ ಹೆಚ್ಚು ಹಾಳಾಗುವುದು ಐಸಿನಿಂದ. ಥರ್ಮಾಕೋಲ್ ಡಬ್ಬಿಯಲ್ಲಿ ಐಸಿಗೆ ತಾಗಿಸಿ ಇಟ್ಟ ಬಾಟಲಿ ಹೆಪ್ಪುಗಟ್ಟಿದರೆ ಮುಗಿಯಿತು, ಕರಗಿದ ಮೇಲೆ ನೋಡಲು ಮೊದಲಿನಂತೆಯೇ ಇದ್ದರೂ ಬಳಸಬಾರದು. ಲಸಿಕೆ ಕ್ಯಾರಿಯರ್‌ನಲ್ಲಿ ಒಯ್ಯುವಾಗ ಐಸ್ ಪ್ಯಾಕನ್ನು ಹೊರಗಿಟ್ಟು, ಅದು ಬೆವರಿ, ಅಲ್ಲಾಡಿಸಿದಾಗ ಒಳಗೆ ನೀರಿನ ಸದ್ದು ಕೇಳಿದ ಮೇಲೆಯೇ ತುಂಬಬೇಕು. ನಮ್ಮ ಶುಶ್ರೂಷಕಿಯರಿಗೆ ಇದು ಲಸಿಕೆಯಿಂದಲೇ ಗೊತ್ತಿರುವ ಪಾಠ. ಕೇಂದ್ರದಲ್ಲಿ ಇಡಲು ದೊಡ್ಡ ಮಣ್ಣಿನ ಗಡಿಗೆಯೊಳಗೆ ಸಣ್ಣ ಗಡಿಗೆ, ನಡುವೆ ಹಸಿ ಮರಳು, ಮೇಲೆ ಒದ್ದೆ ಬಟ್ಟೆ ಸಾಕು. ಗಾಳಿಯಾಡುವ ನೆರಳಿನಲ್ಲಿರಲಿ, ಪತ್ರಾಸ್ (ತಗಡಿನ) ಶೆಡ್ಡಿನೊಳಗೆ ಬೇಡ. ಬಿಸಿಲು ಬಿದ್ದ ದಿನ ಪತ್ರಾಸಿನ ಕೆಳಗಿನ ಕಾವು ಇನ್ಸುಲಿನ್‌ಗೂ ಕೆಟ್ಟದ್ದು, ಮಲಗಿದ ವೃದ್ಧರಿಗೂ ಕೆಟ್ಟದ್ದು.

ಅಡುಗೆಯವರನ್ನು ಈ ಕೆಲಸದಲ್ಲಿ ಸೇರಿಸಿಕೊಳ್ಳದಿದ್ದರೆ ಔಷಧವೇ ವಿಷವಾಗುತ್ತದೆ. ಗ್ಲಿಮೆಪಿರೈಡ್ ನುಂಗಿದವರು ಎಂಟಕ್ಕೆ ಬರಬೇಕಾದ ಉಪ್ಪಿಟ್ಟಿಗೆ ಹನ್ನೊಂದರವರೆಗೆ ಕಾದರೆ ಸಕ್ಕರೆ ಕುಸಿಯುತ್ತದೆ. ಬೆವರು, ಕೈನಡುಕ, ಎದೆಬಡಿತ, ತೊದಲು ಮಾತು. ಕುಡಿದಿದ್ದಾರೆ ಎಂದು ಸುತ್ತಲಿನವರು ಬಿಟ್ಟುಬಿಡುವುದೂ ಉಂಟು. ಮೀಟರಿನಲ್ಲಿ 70ಕ್ಕಿಂತ ಕಡಿಮೆ ಇದ್ದರೆ, ಅಥವಾ ಮೀಟರ್ ಸಿಗದಿದ್ದರೂ, ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕರಗಿಸಿ ಕುಡಿಸಿ, 15 ನಿಮಿಷಕ್ಕೆ ಮತ್ತೆ ನೋಡಿ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಬೇಡಿ, ರಕ್ತನಾಳಕ್ಕೆ ಗ್ಲುಕೋಸ್ ಬೇಕು. ಈ ಗುಳಿಗೆಯಿಂದ ಕುಸಿದ ಸಕ್ಕರೆ ಸರಿಯಾದ ಮೇಲೂ ಮತ್ತೆ ಕುಸಿಯಬಹುದು, ಒಂದು ಹಗಲು ಒಂದು ರಾತ್ರಿ ಕಣ್ಣಿಡಬೇಕು. ಆದ್ದರಿಂದ ಕೇಂದ್ರದ ನಿಯಮ ಹೀಗಿರಲಿ: ತಾಟು ಮುಂದೆ ಬಂದ ಮೇಲೆಯೇ ಸಕ್ಕರೆ ಗುಳಿಗೆ, ಇನ್ಸುಲಿನ್. ಊಟದ ಹೊತ್ತನ್ನು ಗೋಡೆಯ ಮೇಲೆ ಬರೆದು ಹಾಗೆಯೇ ನಡೆಸಿ.

ಉಪ್ಪಿನ ಮಾತು. ದಿನಕ್ಕೆ 5 ಗ್ರಾಂ ಒಳಗಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ದಾನವಾಗಿ ಬರುವ ಬಿಸ್ಕತ್ತು, ಚುರುಮುರಿ, ನೂಡಲ್ಸ್, ಉಪ್ಪಿನಕಾಯಿಯಲ್ಲಿ ಅದು ಮಧ್ಯಾಹ್ನದೊಳಗೇ ದಾಟುತ್ತದೆ. ಹೃದಯ ಸೋತವರ ಕಾಲು ಬಾತು, ರಾತ್ರಿ ಮಲಗಲಾರದಷ್ಟು ಉಸಿರು ಕಟ್ಟುತ್ತದೆ. ನೆರೆ ಬಂದಾಗ ನಮ್ಮ ಊರೂರುಗಳಿಂದ ಗಂಟು ಕಟ್ಟಿ ಕಳಿಸುವ ಖಡಕ್ ರೊಟ್ಟಿ ಪೊಟ್ಟಣದ ತಿನಿಸಿಗಿಂತ ಎಷ್ಟೋ ಮೇಲು, ವಾರಗಟ್ಟಲೆ ಕೆಡುವುದೂ ಇಲ್ಲ. ದಾನಿಗಳು ರೊಟ್ಟಿ ಕಳಿಸಿ, ಬೇಳೆ ಕಳಿಸಿ. ಔಷಧ ಮಾತ್ರ ಕಳಿಸಬೇಡಿ. ಮನೆಯಲ್ಲಿ ಉಳಿದ ಅರ್ಧ ಸ್ಟ್ರಿಪ್ಪುಗಳನ್ನು ವಿಂಗಡಿಸುವುದರಲ್ಲೇ ಫಾರ್ಮಸಿಯವರ ದಿನ ಮುಗಿಯುತ್ತದೆ. ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್ ಕೂಡಿದ ಗುಳಿಗೆಯನ್ನು ಬೇರೆ ಹೆಸರಿನಲ್ಲಿ ಪಡೆದು, ಬಿಡಿಯಾದದ್ದನ್ನೂ ನುಂಗಿ ಎರಡರಷ್ಟಾಗುವ ಅಪಾಯ ಬೇರೆ. ಕೊಡಲೇಬೇಕೆಂದರೆ ಕೇಂದ್ರದವರು ಬರೆದುಕೊಟ್ಟ ಪಟ್ಟಿಯಂತೆ ಜನೌಷಧಿ ಅಂಗಡಿಯಿಂದ ಕೊಡಿಸಿ.

ವಾಂತಿ ಭೇದಿಯಾದಾಗ ಸಕ್ಕರೆ ಕಾಯಿಲೆಯವರಿಗೆ ಓಆರ್‌ಎಸ್ ಕೊಡಲು ಹಿಂಜರಿಯಬೇಡಿ. ಆ ದಿನಗಳಲ್ಲಿ ಮೆಟ್‌ಫಾರ್ಮಿನ್, ಟೆಲ್ಮಿಸಾರ್ಟನ್, ಫ್ಯುರೊಸೆಮೈಡ್ ತಾತ್ಕಾಲಿಕವಾಗಿ ನಿಲ್ಲಿಸುವುದನ್ನು ವೈದ್ಯರು ನಿರ್ಧರಿಸಬೇಕು. ಮಕ್ಕಳ ಇನ್ಸುಲಿನ್ ಮಾತ್ರ ಊಟ ಬಿಟ್ಟರೂ ಪೂರ್ತಿ ನಿಲ್ಲಿಸುವಂತಿಲ್ಲ.

ಡಯಾಲಿಸಿಸ್‌ನವರಿಗೆ ಪೆಟ್ಟಿಗೆಯಿಂದ ಉಪಯೋಗವಿಲ್ಲ, ಅವರಿಗೆ ಬೇಕಾದದ್ದು ದಾರಿ. ವಾರಕ್ಕೆ ಎರಡು ಮೂರು ಸಲ, ಸಲಕ್ಕೆ ನಾಲ್ಕು ಗಂಟೆ, ಒಬ್ಬರಿಗೆ ಸುಮಾರು 120 ಲೀಟರ್ ಶುದ್ಧೀಕರಿಸಿದ ನೀರು. ಕೊಣ್ಣೂರಿನ ಬಳಿ ಹುಬ್ಬಳ್ಳಿ–ಸೊಲ್ಲಾಪುರ ಹೆದ್ದಾರಿ ಮುಳುಗಿದರೆ ಹೊಳೆಯ ಆಚೆಯವರು ಬಾಗಲಕೋಟೆ ಜಿಲ್ಲೆಯ ಕೇಂದ್ರಕ್ಕೇ ಹೋಗಬೇಕು. ಜಿಲ್ಲೆಯ ಗಡಿ ಅಡ್ಡ ಬರದಂತೆ ಈಗಲೇ ಮಾತಾಡಿಕೊಳ್ಳಿ. 2012ರಲ್ಲಿ ಸ್ಯಾಂಡಿ ಚಂಡಮಾರುತ ಅಪ್ಪಳಿಸುವ ಮುನ್ನವೇ ಡಯಾಲಿಸಿಸ್ ಮುಗಿಸಿಕೊಂಡ ನ್ಯೂಯಾರ್ಕ್ ಭಾಗದ ರೋಗಿಗಳಲ್ಲಿ ಆಸ್ಪತ್ರೆ ಸೇರಿದವರೂ ತೀರಿಕೊಂಡವರೂ ಉಳಿದವರಿಗಿಂತ ಕಡಿಮೆ. ನವಿಲುತೀರ್ಥದಿಂದ ನೀರು ಬಿಡುವ ಎಚ್ಚರಿಕೆ ಬಂದ ದಿನವೇ ನದಿ ದಂಡೆಯ ಕೆಂಪು ಗುರುತಿನವರಿಗೆ ಡಯಾಲಿಸಿಸ್ ಮುಗಿಸಿ, ಮೇಲಿನ ಊರಿನಲ್ಲೇ ಉಳಿಸಿಕೊಳ್ಳಿ. ಕೇಂದ್ರದಲ್ಲಿ ಅವರಿಗೆ ಪ್ರೀತಿಯಿಂದ ಎಳನೀರು, ಬಾಳೆಹಣ್ಣು ಕೊಡುವವರಿರುತ್ತಾರೆ. ಅದರಲ್ಲಿನ ಪೊಟ್ಯಾಷಿಯಂ ಅವರ ಹೃದಯವನ್ನೇ ನಿಲ್ಲಿಸಬಹುದು.

ಉಬ್ಬಸದವರಿಗೆ ಹಸಿ ಗೋಡೆ, ಒಲೆಯ ಹೊಗೆ ಎರಡೂ ಆಗದು, ಅವರ ಜಾಗ ಅಡುಗೆಯಿಂದ ದೂರವಿರಲಿ. ಇನ್ಹೇಲರ್‌ಗೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್ ಇಲ್ಲದಿದ್ದರೆ ಅರ್ಧ ಲೀಟರಿನ ನೀರಿನ ಬಾಟಲಿಯ ತಳದಲ್ಲಿ ಇನ್ಹೇಲರ್ ಬಾಯಿ ಬಿಗಿಯಾಗಿ ಕೂರುವಷ್ಟು ತೂತು ಮಾಡಿ, ಸೋಪಿನ ನೀರಿನಲ್ಲಿ ತೊಳೆದು ಒರೆಸದೆ ಒಣಗಿಸಿ. ಒಂದು ಸಲಕ್ಕೆ ಒಂದೇ ಪಫ್, ಪ್ರತಿ ಪಫ್‌ಗೆ ನಾಲ್ಕಾರು ನಿಧಾನ ಉಸಿರು. ಸಕ್ಕರೆ ಕಾಯಿಲೆಯವರ ಪಾದವನ್ನು ದಿನವೂ ಸಂಜೆ ಬ್ಯಾಟರಿ ಬೆಳಕಿನಲ್ಲಿ ನೋಡಬೇಕು. ಸ್ಪರ್ಶ ಕಳೆದುಕೊಂಡ ಕಾಲಿಗೆ ಜಾಲಿಮುಳ್ಳು ಮುರಿದು ಉಳಿದರೂ ತಿಳಿಯುವುದಿಲ್ಲ, ತಿಳಿಯುವ ಹೊತ್ತಿಗೆ ಬೆರಳು ಕಪ್ಪಾಗಿರುತ್ತದೆ.

ಕೇಂದ್ರಗಳಲ್ಲಿ ಬೃಹತ್ ತಪಾಸಣಾ ಶಿಬಿರ ನಡೆಸುವ ಉತ್ಸಾಹವನ್ನು ದಯವಿಟ್ಟು ತಡೆಯಿರಿ. ನಿದ್ದೆಗೆಟ್ಟು, ಮನೆ ಕಳೆದುಕೊಂಡು ಕೂತವರ ಬಿಪಿ ಅಂದು ಏರಿಯೇ ಇರುತ್ತದೆ. ಅದನ್ನು ನೋಡಿ ಹೊಸ ಗುಳಿಗೆ ಶುರು ಮಾಡಿ, ಮುಂದೆ ನೋಡುವವರೇ ಇಲ್ಲದಂತೆ ಬಿಡುವುದರಿಂದ ಹಾನಿಯೇ ಹೆಚ್ಚು. ಹೊಸ ತಪಾಸಣೆಯನ್ನು ಅವರು ಮನೆಗೆ ಮರಳಿದ ಮೇಲೆ ಮಾಡೋಣ. ಮನೆಗೆ ಮರಳುವ ದಿನ ಪರಿಹಾರದ ಕಿಟ್ ಜೊತೆಗೇ 30 ದಿನದ ಔಷಧ, ಔಷಧದ ಹೆಸರು ಬರೆದ ಚೀಟಿ, ಎರಡನ್ನೂ ಹಾಕಿಡಲು ಜಿಪ್ ಇರುವ ಪ್ಲಾಸ್ಟಿಕ್ ಚೀಲ ಕೊಡಿ. ಊರಿನ ಉಪಕೇಂದ್ರದಲ್ಲಿ ನೀರು ಹೊಕ್ಕಿದ್ದರೆ ಅದು ಮತ್ತೆ ತೆರೆಯಲು ಎಷ್ಟೋ ವಾರ ಬೇಕು.

ಮುಂಗಾರಿಗೆ ಮೊದಲು ನಡೆಯುವ ಪ್ರಾಧಿಕಾರದ ಸಭೆಯಲ್ಲಿ ಇಷ್ಟನ್ನು ಠರಾವು ಮಾಡಿ: ಪ್ರತಿ ಕಾಳಜಿ ಕೇಂದ್ರಕ್ಕೆ ಒಬ್ಬ ಸಮುದಾಯ ಆರೋಗ್ಯ ಅಧಿಕಾರಿಯನ್ನು ಹೆಸರು, ಫೋನ್ ನಂಬರ್ ಸಮೇತ ಹೊಣೆಗಾರರನ್ನಾಗಿ ಮಾಡಿ. ನೋಡಲ್ ಅಧಿಕಾರಿ ದಿನವೂ ಸಂಜೆ ಕಳಿಸುವ ವರದಿಯಲ್ಲಿ ಊಟ ಮಾಡಿದವರ ಸಂಖ್ಯೆಯ ಕೆಳಗೆ ‘ಔಷಧ ತಪ್ಪಿದವರು ಎಷ್ಟು’ ಎಂಬ ಒಂದು ಸಾಲು ಸೇರಿಸಿ. ಸಿಬ್ಬಂದಿಗೆ ಸಿರಿಂಜು, ಗಡಿಗೆ, ಸ್ಪೇಸರ್ ತೋರಿಸಿ ಕಲಿಸಲು ಅರ್ಧ ದಿನ ಸಾಕು. ನರಗುಂದ, ರೋಣ, ನವಲಗುಂದ, ಹಾನಗಲ್, ಯಾವ ತಾಲ್ಲೂಕಿಗೆ ಕರೆದರೂ ಬಂದು ಕಲಿಸಿಕೊಡಲು ನಾವು ತಯಾರಿದ್ದೇವೆ.

ಇಂತಿ ತಮ್ಮ ವಿಶ್ವಾಸಿಗಳು,
ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಆರೋಗ್ಯ ಕಾರ್ಯಕರ್ತರು, ವೈದ್ಯರು ಮತ್ತು ಔಷಧ ವಿತರಕರು

ಪ್ರತಿ: ಮೂರೂ ಜಿಲ್ಲೆಗಳ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳಿಗೆ, ಜಿಲ್ಲಾ ಪಂಚಾಯಿತಿ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ ಮತ್ತು ನದಿ ದಂಡೆಯ ಗ್ರಾಮ ಪಂಚಾಯಿತಿಗಳಿಗೆ